ಪ್ರಕರಣ: ರೆಕಾರ್ಡಿಂಗ್ ಕೇಳಿ ನಿದ್ದೆ ಕಳೆದುಕೊಂಡ ಸಂಶೋಧಕಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ನನ್ನ ಬಳಿ ಆಪ್ತಸಲಹೆಗೆ ಬಂದವರು ಸಮಾಜಕಾರ್ಯ ವಿಷಯದಲ್ಲಿ ಪಿಎಚ್‌ಡಿ ಮಾಡುತ್ತಿರುವವರು, ವಯಸ್ಸು ಮೂವತ್ತರ ಆಸುಪಾಸು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದು ಮನೆ, ತೋಟ, ಮನೆಮಂದಿಯನ್ನು ಕಳೆದುಕೊಂಡವರ ಬದುಕು ಆಮೇಲೆ ಏನಾಯಿತು ಎಂಬುದು ಇವರ ಅಧ್ಯಯನ. ಊರೂರು ತಿರುಗಿ ಸಂದರ್ಶನ ಮಾಡುವಾಗ ಗಟ್ಟಿಯಾಗಿಯೇ ಇದ್ದರು. ತೊಂದರೆ ಶುರುವಾದದ್ದು ಹಾಸ್ಟೆಲಿಗೆ ಮರಳಿ, ರೆಕಾರ್ಡಿಂಗ್ ಕೇಳಿ ಬರೆದಿಳಿಸುವಾಗ. ಮೂರು ವಾರಗಳಿಂದ ರಾತ್ರಿ ಮಳೆ ಸದ್ದಾದರೆ ಎದೆ ಡವಗುಟ್ಟಿ ಎಚ್ಚರವಾಗುತ್ತಿತ್ತು. ತಾವು ಕಣ್ಣಾರೆ ಕಾಣದ ಕೆಸರು, ಕೂಗಾಟ ಕಣ್ಮುಂದೆ ಬರುತ್ತಿತ್ತು. ಲ್ಯಾಪ್‌ಟಾಪ್ ತೆರೆಯಲು ಕೈ ಬರುತ್ತಿರಲಿಲ್ಲ. ಇದೆಲ್ಲಕ್ಕಿಂತ ಭಾರವಾಗಿದ್ದದ್ದು ನಾಚಿಕೆ: "ಕಳ್ಕೊಂಡವರು ಅವರು. ನನಗ್ಯಾಕೆ ಮೇಡಂ ಹಿಂಗಾಗ್ಬೇಕು?"

ಒಂದು ಗಂಟೆಯ ರೆಕಾರ್ಡಿಂಗ್ ಬರೆದಿಳಿಸಲು ನಾಲ್ಕರಿಂದ ಆರು ಗಂಟೆ ಬೇಕು. ಅಳುವಿನಲ್ಲಿ ಮಾತು ಅಸ್ಪಷ್ಟವಾದಲ್ಲೇ ಮತ್ತೆ ಮತ್ತೆ ಹಿಂದಕ್ಕೆ ಹೋಗಬೇಕಾಗುತ್ತದೆ. ಹಾಗಾಗಿ ಅತಿ ನೋವಿನ ವಾಕ್ಯವೇ ಅತಿ ಹೆಚ್ಚು ಸಲ ಕಿವಿಗೆ ಬೀಳುತ್ತದೆ. ಎದುರಿಗೆ ಕೂತಿದ್ದಾಗ ಒಂದು ಲೋಟ ನೀರು ಕೊಡಬಹುದಿತ್ತು, ಸಮಾಧಾನ ಹೇಳಬಹುದಿತ್ತು. ರೂಮಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಒಬ್ಬರೇ ಕೂತಾಗ ಏನೂ ಮಾಡಲಾಗದು. ಕೆಲಸದ ನಿಮಿತ್ತ ಇಂಥ ವಿವರಗಳಿಗೆ ಮತ್ತೆ ಮತ್ತೆ ಒಡ್ಡಿಕೊಳ್ಳುವುದನ್ನೂ 2013ರ ಡಿಎಸ್‌ಎಂ-5 (ಮಾನಸಿಕ ಕಾಯಿಲೆ ಗುರುತಿಸಲು ಮನೋವೈದ್ಯರು ಬಳಸುವ ಕೈಪಿಡಿ) ಆಘಾತದ ಮೂಲಗಳಲ್ಲಿ ಸೇರಿಸಿದೆ ಎಂದು ತಿಳಿಸಿದಾಗ ಅವರ ಮುಖ ಸ್ವಲ್ಪ ಸಡಿಲವಾಯಿತು. ಮನಸ್ಸು ಮೆತ್ತಗಿದೆಯೆಂದು ಹೀಗಾದದ್ದಲ್ಲ. ಕೆಲಸ ಹೊಂದಿಸಿಕೊಂಡ ಕ್ರಮವೇ ತಪ್ಪಿತ್ತು.

ಕೊಟ್ಟ ಸಲಹೆ: ಸಂಜೆ ಆರರ ನಂತರ ರೆಕಾರ್ಡಿಂಗ್ ಕೇಳುವುದು ಬೇಡ, ಮಲಗುವ ಮಂಚದ ಮೇಲಂತೂ ಬೇಡವೇ ಬೇಡ. ವಿಭಾಗದಲ್ಲೊಂದು ಬಾಗಿಲು ಹಾಕಿದ ಕೋಣೆ ಕೇಳಿ ಪಡೆಯಿರಿ. ಅಲ್ಲಿ ಹೆಡ್‌ಫೋನ್ ಬದಲು ಸ್ಪೀಕರಿನಲ್ಲಿ, ಸಣ್ಣ ದನಿಯಲ್ಲಿ ಕೇಳಿ. ನಲವತ್ತೈದು ನಿಮಿಷಕ್ಕೊಮ್ಮೆ ಎದ್ದು ಹೊರಗೆ ನಡೆದು ಬನ್ನಿ. ಕ್ಷೇತ್ರ ಟಿಪ್ಪಣಿ ನೋಡಿ ಯಾವ ಫೈಲು ಭಾರ, ಯಾವುದು ಹಗುರ ಎಂದು ಮೊದಲೇ ಗುರುತು ಹಾಕಿ, ದಿನಕ್ಕೆ ಒಂದೇ ಭಾರದ ಫೈಲು ಇಟ್ಟುಕೊಳ್ಳಿ. ಸಾವಿನ ಗಳಿಗೆಯ ವಿವರ ನಿಮ್ಮ ಸಂಶೋಧನಾ ಪ್ರಶ್ನೆಗೆ ಬೇಡವಾಗಿದ್ದರೆ ಮಾರ್ಗದರ್ಶಕರನ್ನು ಕೇಳಿ ಸಾರಾಂಶವಷ್ಟೇ ಬರೆಯಿರಿ. ಗೆಳತಿಯಿಂದ ನಿದ್ದೆ ಮಾತ್ರೆ ಇಸಿದುಕೊಳ್ಳುವುದು ಬೇಡ. ಮಾತ್ರೆ ಬೇಕೋ ಬೇಡವೋ ವೈದ್ಯರು ಹೇಳಲಿ.

ಸಂದರ್ಶನ ಕೊಟ್ಟವರಿಗೆ ಗೋಪ್ಯತೆಯ ಮಾತು ಕೊಟ್ಟಿದ್ದೇನೆಂದು ಇವರು ಯಾರೊಂದಿಗೂ ಬಾಯಿ ಬಿಟ್ಟಿರಲಿಲ್ಲ. ಹೆಸರು, ಊರು, ಘಟನೆ ಒಂದೂ ಹೇಳದೆ ನಿಮ್ಮ ನಿದ್ದೆ, ನಿಮ್ಮ ಭಯ ಮಾತ್ರ ಹೇಳಿಕೊಂಡರೆ ಕೊಟ್ಟ ಮಾತು ಮುರಿಯುವುದಿಲ್ಲ ಎಂದು ವಿವರಿಸಬೇಕಾಯಿತು.

ಇನ್ನೊಂದು ಗಂಟು ಫೋನು. ಸಂದರ್ಶನ ಕೊಟ್ಟ ತಾಯಿಯೊಬ್ಬರು ರಾತ್ರಿ ಹೊತ್ತು ಕರೆ ಮಾಡಿ ಅಳುತ್ತಿದ್ದರು. ಕರೆ ಕತ್ತರಿಸುವುದು ಕ್ರೂರ, ತಾವೇ ಚಿಕಿತ್ಸಕರಾಗುವುದು ಅಪಾಯ. ಆ ತಾಯಿಗೆ ಟೆಲಿ-ಮಾನಸ್ 14416 ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿಯ ಪರಿಚಯ ಮಾಡಿಕೊಡಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರೊಂದಿಗೆ, ಆ ತಾಯಿಯ ಒಪ್ಪಿಗೆ ಪಡೆದು, ನೀವೇ ಮಾತಾಡಿ ಭೇಟಿ ಗೊತ್ತುಮಾಡಿಕೊಡಿ. ಅಧ್ಯಯನಕ್ಕೆ ಬೇರೆ ಸಿಮ್ ಇಟ್ಟು, ಕರೆಗೆ ಸಿಗುವ ಹೊತ್ತನ್ನು ಮೊದಲೇ ತಿಳಿಸಿ. ಜೀವಕ್ಕೆ ಅಪಾಯದ ಮಾತು ಬಂದರೆ ಮಾತ್ರ ಹೊತ್ತು ನೋಡದೆ ಆ ಮನೆಯವರನ್ನೂ 112ನ್ನೂ ಸಂಪರ್ಕಿಸಿ.

ಲಕ್ಷಣಗಳು ತಿಂಗಳು ಮೀರಿದರೆ, ಇಲ್ಲವೇ ಅದಕ್ಕೂ ಮೊದಲೇ ಸಾಯುವ ಯೋಚನೆ ಬಂದರೆ ತಡಮಾಡದೆ ಮನೋವೈದ್ಯರನ್ನು ಕಾಣಬೇಕೆಂದು ಬರೆದುಕೊಟ್ಟೆ. ಮುಂದಿನ ಭೇಟಿಗೆ ಮಾರ್ಗದರ್ಶಕರನ್ನೂ ಕರೆತರಲು ಒಪ್ಪಿದ್ದಾರೆ. ಬರೆದಿಳಿಸುವ ವೇಳಾಪಟ್ಟಿ, ಅಧ್ಯಾಯದ ಗಡುವು ಎರಡೂ ಅವರ ಸಮ್ಮುಖದಲ್ಲೇ ಬದಲಾಗಬೇಕಿದೆ.