ಒಂದೇ ಕಾಲಲ್ಲಿ ಓಡುವ ಗಾಡಿ

ಪ್ರಶ್ನೆ: ಮಳೆ ಶುರುವಾದಾಗಿನಿಂದ ಎರಡು ಸಿಲಿಂಡರಿನ ನನ್ನ ಬೈಕು, 1985ರ ರಾಜ್‌ದೂತ್ 350, ಒಂದೇ ಸಿಲಿಂಡರಿನಲ್ಲಿ ಓಡುತ್ತಿದೆ. ಗ್ಯಾರೇಜಿನವರು ಎರಡು ಸಲ ಕಾರ್ಬುರೇಟರ್ ಬಿಚ್ಚಿದರು. ಏನು ಮಾಡಲಿ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಕಾರ್ಬುರೇಟರ್ ಪಾಪದ್ದು, ಬಿಟ್ಟುಬಿಡಿ ಮಾರಾಯ್ರೆ. ತಣ್ಣಗಿರುವ ಗಾಡಿ ಚಾಲೂ ಮಾಡಿ, ಒಂದು ನಿಮಿಷ ಬಿಟ್ಟು ಎರಡೂ ಸೈಲೆನ್ಸರಿನ ಬುಡಕ್ಕೆ ನೀರು ಚಿಮುಕಿಸಿ. ಚುರ್ ಎನ್ನದ ಕಡೆಯ ಸಿಲಿಂಡರ್ ಸತ್ತಿದೆ. ಎಂಜಿನ್ ಆರಿದ ಮೇಲೆ ಎರಡೂ ಕಡೆಯ ಸ್ಪಾರ್ಕ್ ಪ್ಲಗ್‌ಗಳನ್ನು ಅದಲುಬದಲು ಮಾಡಿ. ಕಾಯಿಲೆ ಪ್ಲಗ್ಗಿನ ಜೊತೆಗೇ ಇನ್ನೊಂದು ಕಡೆಗೆ ಹೋದರೆ ಪ್ಲಗ್ಗೇ ಕಳ್ಳ. ಇದ್ದ ಕಡೆಯೇ ಉಳಿದರೆ ಪ್ಲಗ್ಗಿನ ತಲೆಗೆ ಹಾಕುವ ಕ್ಯಾಪ್ ಕಳಚಿ ನೋಡಿ. ಪುಣೆಯಲ್ಲಿ ನನ್ನ ಗಾಡಿಯ ಕ್ಯಾಪಿನೊಳಗೆ ಬರೀ ಹಸಿರು ಕಿಲುಬು! ಈ ಗಾಡಿಗೆ ಸಿಲಿಂಡರಿಗೊಂದು ಪಾಯಿಂಟ್ (ಕಿಡಿಯ ಹೊತ್ತಿಗೆ ತೆರೆದು ಮುಚ್ಚುವ ಸ್ವಿಚ್ಚು), ಕಂಡೆನ್ಸರ್ (ಪಾಯಿಂಟಿನಲ್ಲೇ ಕಿಡಿ ಹಾರದಂತೆ ತಡೆಯುವುದು), ಕಾಯಿಲ್ (ಪ್ಲಗ್ಗಿಗೆ ಜೋರು ವೋಲ್ಟೇಜ್ ಕೊಡುವುದು). ಪಾಯಿಂಟಿನ ಅಂತರ 0.3ರಿಂದ 0.4 ಮಿ.ಮೀ. ಇರಲಿ. ಪಾಯಿಂಟಿನಲ್ಲೇ ಕಿಡಿ ಜೋರಾಗಿ ಹಾರುತ್ತಿದ್ದರೆ ಕಂಡೆನ್ಸರ್ ಬದಲಿಸಿ.