ಐಫೋನ್ ನರಸಾಪುರದಲ್ಲೇ ತಯಾರಾದ್ರೂ ಕೋಲಾರದಲ್ಲಿ ಯಾಕೆ ಸಿಗ್ತಿಲ್ಲ?

ಬ್ರದರ್, ನರಸಾಪುರದಲ್ಲೇ ಐಫೋನ್ ಮಾಡ್ತಾರೆ, ಆದ್ರೂ ಕೋಲಾರ ಟೌನಲ್ಲಿ ಪ್ರೋ ಮಾಡೆಲ್ ಸ್ಟಾಕ್ ಇಲ್ಲ, ಇರೋ ಒಬ್ಬ ಅಂಗಡಿಯೋನು ಕವರ್ರು ಚಾರ್ಜರು ಸೇರಿಸಿ ತಗೊಂಡ್ರೆ ಮಾತ್ರ ಕೊಡ್ತೀನಿ ಅಂತಾನೆ ಅಂತ ಕೇಳಿದೀರಲ್ಲ. ಫ್ಯಾಕ್ಟರಿ ಪಕ್ಕದಲ್ಲಿದೆ ಅಂತ ಮಾಲು ನಮಗೆ ಮೊದಲು ಬರಲ್ಲ ಕಣ್ರೀ. ಆ ಫ್ಯಾಕ್ಟರೀನ ಮುಂಚೆ ತೈವಾನಿನ ವಿಸ್ಟ್ರಾನ್ ಕಂಪನಿ ನಡೆಸ್ತಿತ್ತು, 2023ರಲ್ಲಿ ಟಾಟಾದವರು ತಗೊಂಡ್ರು, ಅಲ್ಲಿ ಆಗೋದು ಜೋಡಿಸೋ ಕೆಲಸ, ಚಿಪ್ ತೈವಾನಿಂದ ಬರ್ಬೇಕು, ರೆಡಿ ಆದ್ಮೇಲೂ ಸುಮಾರು ಫೋನು ಫಾರಿನ್‌ಗೇ ಹೋಗುತ್ತೆ, ಉಳಿದಿದ್ದು ಡಿಸ್ಟ್ರಿಬ್ಯೂಟರ್ ಗೋಡೌನ್ ಸುತ್ಕೊಂಡು ಬರೋ ಹೊತ್ತಿಗೆ ಸಣ್ಣ ಅಂಗಡಿಗೆ ಒಂದೋ ಎರಡೋ ಪೀಸು.

ಪ್ರೋಗೆ ಡಿಮ್ಯಾಂಡೂ ಜಾಸ್ತಿ. 2022ರಲ್ಲಿ ಚೀನಾದ ಝೆಂಗ್‌ಝೌ ಫ್ಯಾಕ್ಟರೀಲಿ ಕೋವಿಡ್ ಗಲಾಟೆಯಾಗಿ ಐಫೋನ್ 14 ಪ್ರೋಗೆ ಇಡೀ ಪ್ರಪಂಚ ಕಾದಿತ್ತು, ನೆನಪಿದ್ಯಾ?

ಆದ್ರೆ ನಿಮ್ಮ ಅಂಗಡಿಯೋನ ಕತೆ ಬೇರೆ, ದೇವ್ರು ಕೊಟ್ರೂ ಪೂಜಾರಿ ಕೊಡ ಅನ್ನೋ ಥರ. ಬಾಕ್ಸ್ ಹಿಂದೆ ಎಂಆರ್‌ಪಿ ಪ್ರಿಂಟ್ ಆಗಿರುತ್ತೆ, ಅದಕ್ಕಿಂತ ಒಂದ್ರೂಪಾಯಿ ಜಾಸ್ತಿ ತಗೊಳಂಗಿಲ್ಲ, ಬೇಡದ ಕವರ್ ಕಟ್ಟೋದೂ ಗ್ರಾಹಕ ಕಾನೂನಿನ ಪ್ರಕಾರ ತಪ್ಪೇ. ಗ್ರಾಹಕರ ಸಹಾಯವಾಣಿ 1915ಗೆ ಫೋನ್ ಮಾಡ್ತೀನಿ ಅನ್ನಿ ಸಾಕು, ಮುಖ ನೋಡಿ ಆಮೇಲೆ. ಅರ್ಜೆಂಟ್ ಇಲ್ದಿದ್ರೆ ಒಂದಷ್ಟು ವಾರ ಕಾಯಿರಿ. ಬಣ್ಣದ ಹಠ ಬಿಟ್ರೆ ಇನ್ನೂ ಬೇಗ ಸಿಗಬಹುದು. ಬಿಲ್ಲಲ್ಲಿರೋ ಐಎಂಇಐನ, ಅಂದ್ರೆ ಒಂದೊಂದು ಫೋನಿಗೂ ಬೇರೆ ಬೇರೆ ಇರೋ ಗುರುತಿನ ನಂಬರನ್ನ, ಬಾಕ್ಸ್ ಮೇಲಿಂದಕ್ಕೆ ತಾಳೆ ನೋಡ್ಕೊಂಡೇ ದುಡ್ಡು ಕೊಡಿ.