ಎರಡು ಸಾವಿರದೊಳಗಿನ ಇಯರ್‌ಫೋನ್: ಡಬ್ಬದ ಅಂಕಿ ಬಿಡಿ, ಚೆಂಡೆ ಕೇಳಿ ನೋಡಿ

ನಿಮ್ಮ ಪ್ರಶ್ನೆ ಇಷ್ಟು: ದಿನಾ ಕಾಸರಗೋಡಿನಿಂದ ಮಂಗಳೂರಿಗೆ ರೈಲಿನಲ್ಲಿ ಹೋಗಿಬರುತ್ತೀರಿ. ಕೇಳುವುದು ಹೆಚ್ಚಾಗಿ ಯಕ್ಷಗಾನ, ತಾಳಮದ್ದಳೆ, ನಡುವೆ ಸಿನಿಮಾ ಹಾಡು. ಕೈಯಲ್ಲಿ ಎರಡು ಸಾವಿರ ರೂಪಾಯಿ ಉಂಟು. ಅಂಗಡಿಯವರು "14 ಎಂಎಂ ಡ್ರೈವರ್, ಎಕ್ಸ್‌ಟ್ರಾ ಬಾಸ್" ಎನ್ನುತ್ತಾರೆ (ಡ್ರೈವರ್ ಅಂದರೆ ಒಳಗೆ ಸದ್ದು ಮಾಡುವ ಪುಟ್ಟ ಸ್ಪೀಕರ್). ಗೆಳೆಯರೊಬ್ಬರು ಐದು ಸಾವಿರಕ್ಕಿಂತ ಕೆಳಗಿನದೆಲ್ಲ ಕಸ ಎನ್ನುತ್ತಾರೆ. ಯಾರನ್ನು ನಂಬುವುದು, ಒಳ್ಳೆಯದು ಯಾವುದೆಂದು ತಿಳಿಯುವುದು ಹೇಗೆ?

ಇಬ್ಬರನ್ನೂ ನಂಬಬೇಡಿ ಮಾರಾಯ್ರೆ. ನಾನು ಕುಂಬಳೆ, ಬದಿಯಡ್ಕ ಕಡೆ ಆಟ (ಯಕ್ಷಗಾನ), ಕೂಟ (ತಾಳಮದ್ದಳೆ)ಗಳಿಗೆ ಮೈಕ್ ಸೆಟ್ ಕೆಲಸಕ್ಕೆ ಹೋಗುವವನು. ಚೆಂಡೆಯ ಪಕ್ಕದಲ್ಲೇ ರಾತ್ರಿಯಿಡೀ ಕೂತು, ಮಾರನೇ ದಿನ ಅದೇ ಆಟದ ರೆಕಾರ್ಡಿಂಗನ್ನು ಇಯರ್‌ಫೋನಿನಲ್ಲಿ ಕೇಳುವುದು ನನಗೆ ಅಭ್ಯಾಸ. ಹಾಗಾಗಿ ಧ್ವನಿಯ ಬಗ್ಗೆ ಸ್ವಲ್ಪ ಹಠ ಜಾಸ್ತಿ.

ಮೊದಲು ಬೆಲೆಯ ವಿಷಯ. 2017ರಲ್ಲಿ ಒಂದು ಅಧ್ಯಯನ ಬಂತು. 283 ಹೆಡ್‌ಫೋನ್‌ಗಳನ್ನು ಅಳೆದು ನೋಡಿದ್ದರು, ಕಿವಿಯೊಳಗೆ ಇಡುವಂಥವೂ ಅದರಲ್ಲಿದ್ದವು. ಬಾಸ್ (ಕೆಳಗಿನ ಸ್ವರ), ಮಧ್ಯ, ಟ್ರೆಬಲ್ (ಮೇಲಿನ ಸ್ವರ) ಯಾವ ಪ್ರಮಾಣದಲ್ಲಿ ಬರುತ್ತವೆ ಎಂಬುದಕ್ಕೂ ಮಾರಾಟದ ಬೆಲೆಗೂ ಸಂಬಂಧವೇ ಕಾಣಲಿಲ್ಲ. ಅಂದರೆ ದುಬಾರಿಯದೆಲ್ಲ ಕೆಟ್ಟದು ಎಂದಲ್ಲ. ಜಾಸ್ತಿ ದುಡ್ಡು ಕೊಟ್ಟಿರಿ ಎಂಬ ಒಂದೇ ಕಾರಣಕ್ಕೆ ಧ್ವನಿ ಸರಿಯಾಗಿರುತ್ತದೆ ಎಂಬ ಖಾತ್ರಿ ಇಲ್ಲ, ಅಷ್ಟೇ. ಈಚಿನ ವರ್ಷಗಳಲ್ಲಿ ಚೀನಾದ ಸಣ್ಣ ಕಂಪೆನಿಗಳು ಇದನ್ನು ಚೆನ್ನಾಗಿ ತೋರಿಸಿಕೊಟ್ಟಿವೆ. ಮೂನ್‌ಡ್ರಾಪ್ ಚು 2, ಸೆವೆನ್ ಹರ್ಟ್ಸ್ ಸಾಲ್‌ನೋಟ್ಸ್ ಝೀರೋ, ಟ್ಯಾಂಗ್‌ಝು ವಾನ್‌ಎರ್, ಮೂರೂ ಹೊರದೇಶದಲ್ಲಿ 20 ಡಾಲರ್ ಆಸುಪಾಸಿಗೆ ಬಂದವು. ಒಳಗೆ ಒಂದೊಂದೇ ಡೈನಾಮಿಕ್ ಡ್ರೈವರ್. ಆದರೆ ಅದನ್ನು ಹದ ಮಾಡಿದವರಿಗೆ ಕಿವಿ ಉಂಟು.

ಈಗ ಪರೀಕ್ಷೆಗೆ ಬರೋಣ. ಎಲ್ಲರೂ ಹಾಡು ಹಾಕಿ ಕೇಳಲು ಶುರು ಮಾಡುತ್ತಾರೆ. ಅದಕ್ಕಿಂತ ಮೊದಲು ಅದು ಕಿವಿಯಲ್ಲಿ ಸರಿಯಾಗಿ ಕೂತಿದೆಯೇ ನೋಡಬೇಕು. ಕಿವಿಯ ದಾರಿಗೂ ರಬ್ಬರ್ ಟಿಪ್ಪಿಗೂ ನಡುವೆ ಕೂದಲೆಳೆಯಷ್ಟು ಸಂದು ಇದ್ದರೂ ಸಾಕು, ಬಾಸ್ ಪೂರಾ ಸೋರಿಹೋಗುತ್ತದೆ. ಉಳಿಯುವುದು ಬರೇ ಕೀರಲು ಧ್ವನಿ. "ಬಾಸೇ ಇಲ್ಲ, ಡಬ್ಬಾ ಪೀಸು" ಎಂದು ರಿವ್ಯೂ ಬರೆಯುವವರಲ್ಲಿ ಬಹಳಷ್ಟು ಮಂದಿಗೆ ಆದದ್ದು ಇದೇ ಎಂದು ನನ್ನ ಗುಮಾನಿ. ತಿಳಿಯುವುದು ಸುಲಭ. ಮದ್ದಳೆ ಮಾತ್ರ ಇರುವ ನಿಧಾನದ ಪದ ಒಂದನ್ನು ಹಾಕಿ. ಎರಡೂ ಕಡೆ ಬೆರಳಿನಿಂದ ಮೆಲ್ಲ ಒಳಕ್ಕೆ ಒತ್ತಿ. ಮದ್ದಳೆಯ ಎಡಗೈ ಪೆಟ್ಟು ಒಮ್ಮೆಗೆ ತುಂಬಿಕೊಂಡು ಕೇಳಿತಾ? ಹಾಗಾದರೆ ಅಲ್ಲಿವರೆಗೆ ಸಂದು ಇತ್ತು ಎಂದರ್ಥ. ಟಿಪ್ ಬದಲಿಸಿ. ಡಬ್ಬದಲ್ಲಿ ಸಾಮಾನ್ಯವಾಗಿ ಮೂರು ಅಳತೆ ಕೊಟ್ಟಿರುತ್ತಾರೆ, ಕಂಪೆನಿ ಮೊದಲೇ ಹಾಕಿ ಕಳಿಸಿದ್ದು ನಿಮ್ಮ ಅಳತೆ ಆಗಿರಬೇಕೆಂದೇನಿಲ್ಲ. ನನ್ನ ಎರಡು ಕಿವಿಗೆ ಎರಡು ಅಳತೆ ಬೇಕು, ಬಹಳ ಜನರಿಗೆ ಹಾಗೆಯೇ. ಮೂರೂ ಕೂರದಿದ್ದರೆ ಫೋಮ್ ಟಿಪ್ ಬೇರೆ ಸಿಗುತ್ತದೆ. ಹಿಂಡಿ ಕಿವಿಗೆ ಹಾಕಿದರೆ ಅದು ಒಳಗೆ ಅರಳಿ ಕೂರುತ್ತದೆ. ಟ್ರೆಬಲ್ ಸ್ವಲ್ಪ ಮೆತ್ತಗೂ ಆಗುತ್ತದೆ, ಕೆಲವು ಇಯರ್‌ಫೋನಿಗೆ ಅದು ಉಪಕಾರವೇ.

ಟಿಪ್ ಸರಿಯಾಯಿತೆಂದರೆ ಕೇಳಲು ಕೂರಿ. ಇಲ್ಲಿ ನಿಮ್ಮಂಥವರಿಗೆ ಒಂದು ಅನುಕೂಲ ಉಂಟು. ಚೆಂಡೆ, ಮದ್ದಳೆ, ಚಕ್ರತಾಳ, ಭಾಗವತರ ಸ್ವರ, ಇವೆಲ್ಲ ಎದುರಿಗೆ ಕೂತು ಕೇಳಿ ಗೊತ್ತಿರುವಂಥವು. ಕಂಪ್ಯೂಟರಿನಲ್ಲಿ ಮಾಡಿದ ಸಿನಿಮಾ ಹಾಡಿನ ಬಾಸ್ ನಿಜಕ್ಕೂ ಹೇಗಿರಬೇಕಿತ್ತು ಎಂದು ಯಾರಿಗೆ ಗೊತ್ತು? ಚೆಂಡೆ ಹೇಗಿರಬೇಕು ಎಂದು ನಮ್ಮೂರಿನ ಮಕ್ಕಳಿಗೂ ಗೊತ್ತು. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನ ಕಡೆಯವರು ನಾವು, ಅಷ್ಟು ಜಂಬ ಬೇಡವೇ!

ಚೆಂಡೆ ಮದ್ದಳೆ ಎರಡೂ ಬಿರುಸಾಗಿರುವ ಒಂದು ಏರುಪದ ಹಾಕಿ. ಚೆಂಡೆಯ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳಬೇಕು. ಹುಸಿಪೆಟ್ಟುಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಬರೇ ಗದ್ದಲವಾದರೆ ಆ ಇಯರ್‌ಫೋನ್ ನಿಮಗೆ ಬೇಡ. ಅದೇ ಹೊತ್ತಿಗೆ ಭಾಗವತರು ಹೇಳುವ ಸಾಹಿತ್ಯ ತಿಳಿಯಬೇಕು. ಮನುಷ್ಯನ ಕಿವಿಯ ದಾರಿ ತನ್ನಷ್ಟಕ್ಕೆ 3 ಕಿಲೋಹರ್ಟ್ಸ್ ಹತ್ತಿರದ ಧ್ವನಿಯನ್ನು ಏರಿಸಿ ಕೊಡುತ್ತದೆ. ಇಯರ್‌ಫೋನ್ ಆ ದಾರಿಗೆ ಬಿರಡೆ ಹಾಕಿದ ಹಾಗಾಗುವುದರಿಂದ ಸಹಜವಾದ ಆ ಏರಿಕೆ ತಪ್ಪುತ್ತದೆ, ತಯಾರಿಸುವವರು ಅದನ್ನು ತಾವೇ ಸೇರಿಸಬೇಕು. ಕಡಿಮೆ ಸೇರಿಸಿದರೆ ಭಾಗವತರು ಕಂಬಳಿ ಹೊದ್ದು ಹಾಡಿದ ಹಾಗೆ ಕೇಳುತ್ತದೆ. ಜಾಸ್ತಿ ಸೇರಿಸಿದರೆ ಸ್ವರ ಕಿವಿಗೆ ಚುಚ್ಚುತ್ತದೆ, ಹತ್ತು ನಿಮಿಷಕ್ಕೆ ತೆಗೆದಿಡೋಣ ಅನ್ನಿಸುತ್ತದೆ.

ಅಗ್ಗದ ಇಯರ್‌ಫೋನುಗಳಲ್ಲಿ ಎರಡು ಚಾಳಿ ಸಾಮಾನ್ಯ. ಒಂದು, ಬಾಸನ್ನು ಬೇಕಾಬಿಟ್ಟಿ ಏರಿಸುವುದು. ಆಗ ಮದ್ದಳೆಯ ಎಡಗೈ ಪೆಟ್ಟು ಊದಿಕೊಂಡು ಬಲಗೈಯ ನಾದವನ್ನೂ ಭಾಗವತರ ಮಂದ್ರವನ್ನೂ ಮುಚ್ಚಿಬಿಡುತ್ತದೆ. ಎರಡು, "ಕ್ಲಿಯರ್ ಸೌಂಡ್" ಎಂದು ತೋರಿಸಲಿಕ್ಕೆ ಟ್ರೆಬಲ್ ಏರಿಸುವುದು. ಇದನ್ನು ಹಿಡಿಯಲು ತಾಳಮದ್ದಳೆಗಿಂತ ಒಳ್ಳೆಯದು ಬೇರೆ ಇಲ್ಲ. ಅರ್ಥಧಾರಿ ಮಾತಾಡುವಾಗ ಸ, ಶ, ಚ ಬಂದಲ್ಲೆಲ್ಲ ಉಸ್ ಎಂದು ಸೀಟಿ ಹೊಡೆದ ಹಾಗೆ ಕೇಳಿದರೆ ಟ್ರೆಬಲ್ ಅತಿಯಾಗಿದೆ ಎಂದೇ ಲೆಕ್ಕ. ಕೆಝಡ್ ಕಂಪೆನಿಯ ಹಳೆಯ ಕೆಲವು ಮಾದರಿಗಳು ಬೆಲೆಗೆ ಗಟ್ಟಿಮುಟ್ಟು, ಆದರೆ ಚಕ್ರತಾಳದ ಸದ್ದನ್ನು ಅವುಗಳಲ್ಲಿ ತಡೆದುಕೊಳ್ಳಲು ನನ್ನಿಂದಾಗದು. ಸಿನಿಮಾ ಹಾಡು ಮಾತ್ರ ಕೇಳುವವರಿಗೆ ಅದೇ ಇಷ್ಟವಾಗಲೂಬಹುದು.

ಹಳೆಯ ಕ್ಯಾಸೆಟ್ಟಿನಿಂದ ಇಳಿಸಿದ ಆಟಗಳನ್ನು ಮಾತ್ರ ಪರೀಕ್ಷೆಗೆ ಇಟ್ಟುಕೊಳ್ಳಬೇಡಿ. ಅದರಲ್ಲಿರುವ ಸುಯ್ ಸದ್ದಿಗೆ ಇಯರ್‌ಫೋನನ್ನು ಬೈದು ಪ್ರಯೋಜನವಿಲ್ಲ.

ಅಂಗಡಿಯಲ್ಲಿ ಎರಡನ್ನು ಹೋಲಿಸುವಾಗ ಒಂದು ಎಚ್ಚರ. ಸದ್ದು ಜಾಸ್ತಿ ಇರುವುದೇ ಯಾವಾಗಲೂ ಚೆನ್ನಾಗಿ ಕೇಳುತ್ತದೆ. ಕಿವಿ ಇರುವುದೇ ಹಾಗೆ. ಒಂದೇ ವಾಲ್ಯೂಮಿನಲ್ಲಿಟ್ಟರೂ ಸೆನ್ಸಿಟಿವಿಟಿ ಹೆಚ್ಚಿರುವ ಇಯರ್‌ಫೋನ್ ಜೋರಾಗಿ ಕೇಳಿ "ಇದೇ ಒಳ್ಳೆಯದು" ಅನ್ನಿಸಿಬಿಡುತ್ತದೆ. ಜೋರಾದ್ದರ ವಾಲ್ಯೂಮ್ ಇಳಿಸಿ, ಎರಡೂ ಒಂದೇ ಮಟ್ಟಕ್ಕೆ ಬಂದಮೇಲೆ ತೂಗಿ ನೋಡಿ. ಅಂಗಡಿಯವರು ಹಾಕುವ ಡೆಮೊ ಹಾಡು ಬೇಡ, ನಿಮ್ಮ ಫೋನಿನಲ್ಲಿರುವುದನ್ನೇ ಹಾಕಿ. ಕಿವಿಗೆ ಹಾಕಲು ಬಿಡುವುದಿಲ್ಲ ಎಂದರೆ, ಮತ್ತೆ ಅಲ್ಲಿ ಕೊಳ್ಳುವುದು ಯಾಕೆ? ವಾಪಸ್ ತೆಗೆದುಕೊಳ್ಳುವ ಆನ್‌ಲೈನ್ ಮಾರಾಟಗಾರರೇ ವಾಸಿ.

ಎಡ ಬಲ ಸಮ ಇದೆಯಾ ಎಂಬುದನ್ನೂ ಮೊದಲ ವಾರವೇ ನೋಡಿ. ಅಗ್ಗದವುಗಳಲ್ಲಿ ಒಂದು ಕಡೆ ಸ್ವಲ್ಪ ಸಣ್ಣಗೆ ಕೇಳುವ ಪೀಸು ಆಗಾಗ ಬಂದುಬಿಡುತ್ತದೆ. ಫೋನಿನ ಸೆಟ್ಟಿಂಗ್ಸಿನಲ್ಲಿ ಆಕ್ಸೆಸಿಬಿಲಿಟಿ ಒಳಗೆ ಮೋನೋ ಆಡಿಯೋ ಎಂದು ಒಂದು ಆಯ್ಕೆ ಉಂಟು. ಅದನ್ನು ಆನ್ ಮಾಡಿ ಒಬ್ಬರೇ ಮಾತಾಡುವುದನ್ನು ಕೇಳಿ. ಮಾತು ತಲೆಯ ನಟ್ಟನಡುವೆ ನಿಲ್ಲಬೇಕು. ಬಲಕ್ಕೆ ವಾಲಿತು ಎನ್ನಿ, ಆಗ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ. ವಾಲುವುದು ಎಡಕ್ಕೆ ಬದಲಾದರೆ ದೋಷ ಇಯರ್‌ಫೋನಿನದ್ದು, ವಾಪಸ್ ಕೊಡಿ. ಬಲದಲ್ಲೇ ಉಳಿದರೆ ಎಡಗಿವಿಯ ಗುಗ್ಗೆಯನ್ನೋ ಟಿಪ್ಪನ್ನೋ ನೋಡಿಕೊಳ್ಳಿ.

ಡಬ್ಬದ ಮೇಲಿನ ಅಂಕಿಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಡ್ರೈವರ್ 14 ಎಂಎಂ ಆದರೂ 8 ಎಂಎಂ ಆದರೂ ಅದರಿಂದ ಧ್ವನಿಯ ಗುಣ ತಿಳಿಯದು. 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್ ಎಂದು ಎಲ್ಲರೂ ಬರೆಯುತ್ತಾರೆ. ನಡುವೆ ಎಲ್ಲಿ ಏರಿದೆ, ಎಲ್ಲಿ ಇಳಿದಿದೆ ಎಂದು ಯಾರೂ ಬರೆಯುವುದಿಲ್ಲ. 40 ಕಿಲೋಹರ್ಟ್ಸ್ ತನಕ ಹೋಗುತ್ತದೆ ಎಂಬ ಹೈ-ರೆಸ್ ಚೀಟಿಯೂ ಸುಮ್ನೆ, ಮನುಷ್ಯರಿಗೆ ಕೇಳುವುದೇ 20ರವರೆಗೆ, ವಯಸ್ಸಾದ ಹಾಗೆ ಇನ್ನೂ ಕಡಿಮೆ. ಇನ್ನು "ಐವತ್ತು ಗಂಟೆ ಬರ್ನ್ ಇನ್ ಮಾಡಿ (ಅಂದರೆ ಹಾಡು ಹಾಕಿಟ್ಟು ಪಳಗಿಸಿ), ಆಮೇಲೆ ಚೆನ್ನಾಗುತ್ತದೆ" ಎಂದು ಯಾರಾದರೂ ಹೇಳಿದರೆ, ಅಷ್ಟರಲ್ಲಿ ವಾಪಸ್ ಕೊಡುವ ದಿನ ಮುಗಿಯಬಹುದು ಎಂಬುದನ್ನು ನೆನಪಿಡಿ.

ರೈಲಿಗೆ ಬರುತ್ತೇನೆ. ಉಪ್ಪಳ, ಮಂಜೇಶ್ವರ ದಾಟುವಾಗಿನ ಗಡಗಡ ಸದ್ದು ಹೆಚ್ಚಾಗಿ ಕೆಳಗಿನ ಸ್ವರದ್ದು. ಅದು ಇಯರ್‌ಫೋನಿನ ಬಾಸನ್ನೇ ನುಂಗುತ್ತದೆ. ಮನೆಯಲ್ಲಿ ಸಮವಾಗಿ ಕೇಳಿದ್ದು ರೈಲಿನಲ್ಲಿ ತೆಳ್ಳಗೆ ಅನ್ನಿಸುವುದು ಇದಕ್ಕೇ. ಹಾಗಾಗಿ ನಿಮಗೆ ಬಾಸ್ ತುಸು ಮುಂದಿರುವುದು ತಪ್ಪಲ್ಲ, ಊದಿಕೊಂಡಿರಬಾರದು ಅಷ್ಟೇ. ವಾಲ್ಯೂಮ್ ಏರಿಸಿ ಗಡಗಡವನ್ನು ಸೋಲಿಸಲು ಮಾತ್ರ ಹೋಗಬೇಡಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ 80 ಡೆಸಿಬೆಲ್, ವಾರಕ್ಕೆ 40 ಗಂಟೆ. ಸದ್ದು ಏರಿದ ಹಾಗೆ ಗಂಟೆ ಬೇಗಬೇಗ ಕಡಿಮೆಯಾಗುತ್ತದೆ. ಟಿಪ್ ಸರಿ ಕೂತರೆ ಹೊರಗಿನ ಸದ್ದು ತಾನಾಗಿ ತಗ್ಗುತ್ತದೆ, ಅರ್ಧ ವಾಲ್ಯೂಮ್ ಸಾಕಾಗುತ್ತದೆ.

ಬ್ಲೂಟೂತ್ ತೆಗೆದುಕೊಳ್ಳಲೇ ಎಂದೂ ಕೇಳಿದ್ದೀರಿ. ಈ ಬೆಲೆಯಲ್ಲಿ ಧ್ವನಿಯೇ ಮುಖ್ಯವಾದರೆ ಬೇಡ. ಅದೇ ದುಡ್ಡಿನಲ್ಲಿ ಬ್ಯಾಟರಿ, ಚಿಪ್, ಡಬ್ಬಿ ಎಲ್ಲದರ ಖರ್ಚು ಹೋಗಬೇಕು. ಆ ಪುಟ್ಟ ಬ್ಯಾಟರಿ ಕೆಲವು ವರ್ಷಕ್ಕೆ ಸೋತರೆ ಬದಲಿಸುವ ದಾರಿಯೂ ಇಲ್ಲ.

ವಯರಿನದ್ದಕ್ಕೆ ಕಾಟ ವಯರೇ. ಸಾಮಾನ್ಯವಾಗಿ ಜ್ಯಾಕಿನ ಬುಡದಲ್ಲಿ ತುಂಡಾಗುತ್ತದೆ, ಒಂದು ಕಿವಿ ಹೋಗುತ್ತದೆ, ಇಡೀ ಇಯರ್‌ಫೋನ್ ಕಸದ ಬುಟ್ಟಿಗೆ. ಅದಕ್ಕೇ ವಯರ್ ಬಿಚ್ಚಿ ಹಾಕಬಹುದಾದ್ದನ್ನೇ ಕೊಳ್ಳಿ. ಮೇಲೆ ಹೇಳಿದ ಮೂರೂ ಅಂಥವು, 0.78 ಎಂಎಂ ಟು ಪಿನ್ ವಯರ್ ಬೇರೆ ಸಿಗುತ್ತದೆ. ನನ್ನ ಲೆಕ್ಕದಲ್ಲಿ ದುಡ್ಡಿಗೆ ತಕ್ಕ ಮೌಲ್ಯ ಎಂದರೆ ಅರ್ಧ ಭಾಗ ಇದೇ. ಫೋನಿನಲ್ಲಿ ಮಾತಾಡಲಿಕ್ಕೂ ಬೇಕಿದ್ದರೆ ಮೈಕ್ ಇರುವ ವಯರೇ ಕೇಳಿ ತೆಗೆದುಕೊಳ್ಳಿ, ಇಲ್ಲದ್ದೂ ಅದೇ ಹೆಸರಿನಲ್ಲಿ ಬರುತ್ತದೆ.

ನಮ್ಮ ಮಳೆಗಾಲಕ್ಕೆ ಇನ್ನೊಂದು ಮಾತು. ಜೂನ್, ಜುಲೈ ತಿಂಗಳಲ್ಲಿ ಒಂದು ಕಡೆ ಧ್ವನಿ ಇದ್ದಕ್ಕಿದ್ದಂತೆ ಸಣ್ಣಗಾದರೆ ಹಾಳಾಯಿತೆಂದು ಎಸೆಯಬೇಡಿ. ನಳಿಗೆಯ ತುದಿಯ ಜಾಲರಿಯಲ್ಲಿ ಬೆವರಿನ ಪಸೆ ಅಥವಾ ಗುಗ್ಗೆ ಕಟ್ಟಿರುತ್ತದೆ. ಟಿಪ್ ತೆಗೆದು, ಒಣ ಬ್ರಷ್ಷಿನಲ್ಲಿ ಮೆಲ್ಲ ಉಜ್ಜಿ, ಔಷಧಿ ಬಾಟಲಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿ ರಾತ್ರಿ ಇಡಿ. ಹೆಚ್ಚಾಗಿ ಸರಿಯಾಗುತ್ತದೆ. ಒಲೆಯ ಹತ್ತಿರ ಮಾತ್ರ ಇಡಬೇಡಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ವಾನ್‌ಎರ್ ಅಥವಾ ಚು 2, ಎರಡರಲ್ಲಿ ಅಗ್ಗಕ್ಕೆ ಸಿಕ್ಕಿದ್ದನ್ನು ಕೊಳ್ಳುತ್ತಿದ್ದೆ. ಭಾಗವತಿಕೆಗೆ ವಾನ್‌ಎರ್ ಸ್ವಲ್ಪ ಬೆಚ್ಚಗೆ, ಚೆಂಡೆಯ ಮೊನಚಿಗೆ ಚು 2. ಇಷ್ಟಾಗಿಯೂ ಟ್ರೆಬಲ್ ಒಂಚೂರು ಜಾಸ್ತಿ ಅನ್ನಿಸಿದರೆ ಆಂಡ್ರಾಯ್ಡಿನಲ್ಲಿ ವೇವ್‌ಲೆಟ್ ಎಂಬ ಆ್ಯಪ್ ಉಂಟು, ಬಹಳಷ್ಟು ಮಾದರಿಗಳಿಗೆ ಅಳೆದು ಮಾಡಿಟ್ಟ ತಿದ್ದುಪಡಿ ಅದರಲ್ಲೇ ಸಿಗುತ್ತದೆ.

ನಿಮ್ಮ ಫೋನಿಗೆ 3.5 ಎಂಎಂ ಜ್ಯಾಕ್ ಉಂಟಾ ಇಲ್ಲವಾ ಎಂದು ನೀವು ಹೇಳಿಲ್ಲ. ಇಲ್ಲದಿದ್ದರೆ ಟೈಪ್ ಸಿ ಕನೆಕ್ಟರಿಗೆ ಒಂದಿಷ್ಟು ದುಡ್ಡು ತೆಗೆದಿಡಿ. ಕೊಳ್ಳುವಾಗ ಒಳಗೆ ಡಿಎಸಿ ಚಿಪ್ (ಫೋನಿನ ಡಿಜಿಟಲ್ ಸಂಕೇತವನ್ನು ಇಯರ್‌ಫೋನಿಗೆ ಆಗುವಂತೆ ಬದಲಿಸುವ ಚಿಪ್) ಇರುವುದನ್ನೇ ಕೇಳಿ. ಚಿಪ್ ಇಲ್ಲದ ತೀರಾ ಅಗ್ಗದ್ದು ಕೆಲವೇ ಫೋನಿಗೆ ಆಗುತ್ತದೆ, ಉಳಿದವುಗಳಲ್ಲಿ ಸದ್ದೇ ಬರುವುದಿಲ್ಲ.